ಹನ್ನೆರಡು ಹೊನ್ನೆ ಬೊಡ್ಡೆಗಳು

ಹೊನ್ನೆ ಮರದ ಲೋಟದಲ್ಲಿ ನೀರು ತುಂಬಿ ಒಂದಷ್ಟು ಹೊತ್ತು ಬಿಟ್ಟರೆ ನೀರಿಗೆ ತೆಳು ಚಹಾದ ಬಣ್ಣ ಬರುತ್ತದೆ. ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರೆ ಅಂಚಿನಲ್ಲಿ ನವಿಲುಗರಿಯ ನೀಲಿ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಈಗ ಎಲ್ಲೆಲ್ಲೂ ಮಾರುತ್ತಾರೆ. ಎರಡು ವರ್ಷದ ಹಿಂದೆ, ಶ್ರಾವಣ ಮುಗಿದ ವಾರ, ದೊಣೆಗುಡ್ಡದ ಕೆರೆಯ ರೆಸಾರ್ಟಿನಲ್ಲಿ ಅಂಥದೊಂದು ಲೋಟವನ್ನು ಬಾಯಿಗೆ ತಂದವಳು ಕುಡಿಯದೆ ಹಾಗೇ ಹಿಡಿದುಕೊಂಡೆ. ವಾಸನೆ ಮೂಗಿಗೆ ಬಡಿದಿತ್ತು. ಒಗರು, ಸ್ವಲ್ಪ ತುಕ್ಕು, ಒದ್ದೆ ಮರದ ಹೊಟ್ಟು. ಅಪ್ಪನ ಖಾಕಿ ಅಂಗಿಯ ವಾಸನೆ.

“ಯಾಕೆ ಪುಷ್ಪ, ನೀರಾಗೆ ಏನಾರ ಬಿದ್ದೈತಾ?” ಎಂದರು ನಮ್ಮ ಭಜನಾ ಮಂಡಳಿಯ ಗಿರಿಜಕ್ಕ.

ಏನಿಲ್ಲ ಎಂದೆ. ಹದಿನೆಂಟು ಹೆಂಗಸರು ವ್ಯಾನು ಮಾಡಿಕೊಂಡು ಹೊಳಲ್ಕೆರೆಯಿಂದ ಒಂದು ದಿನದ ಮಟ್ಟಿಗೆ ಬಂದಿದ್ದೆವು. ನಾನು ಬರುವುದಿಲ್ಲವೆಂದೇ ಹಟ ಹಿಡಿದಿದ್ದೆ. ಹತ್ತನೇ ಕ್ಲಾಸಿನ ವರ್ಷ ಆ ಕೆರೆ ಬಿಟ್ಟ ಮೇಲೆ ಅತ್ತ ತಲೆ ಹಾಕಿರಲಿಲ್ಲ. ಹೊಸದುರ್ಗಕ್ಕೆ ಹೋಗುವಾಗ ಬಸ್ಸಿನಲ್ಲಿ ಆ ಬದಿಯ ಕಿಟಕಿಗೆ ಕೂರುತ್ತಲೂ ಇರಲಿಲ್ಲ.

ಮರ ಕೊಯ್ಯುತ್ತಿದ್ದ ಸಾಮಿಲ್ಲಿನ ತಗಡಿನ ಶೆಡ್ಡು ಊಟದ ಹಾಲಾಗಿತ್ತು. ದಿಮ್ಮಿ ಎಳೆದೆಳೆದು ಎತ್ತುಗಳು ಸವೆಸಿದ್ದ ಇಳಿಜಾರಿನ ಮೇಲೆ ತಂತಿ ಕಟ್ಟಿದ್ದರು. ಚಿತ್ರದುರ್ಗದ ಕಾಲೇಜು ಹುಡುಗಿಯರು ಅದಕ್ಕೆ ನೇತಾಡಿಕೊಂಡು ಕಿರುಚುತ್ತ ಕೆಳಗಿಳಿಯುತ್ತಿದ್ದರು. ದಿಮ್ಮಿ ಪೇರಿಸುತ್ತಿದ್ದ ನಾಟಾ ಡಿಪೋ ಇದ್ದಲ್ಲಿ ಹುಲ್ಲುಹಾಸು. ಕೆರೆಯಲ್ಲಿ ಬಾತುಕೋಳಿ ಆಕಾರದ ಪೆಡಲ್ ದೋಣಿಗಳು. ನಾವಿದ್ದ ಗಾರ್ಡ್ ಕ್ವಾರ್ಟರ್ಸ್ ಮಾತ್ರ ಹಾಗೇ ಇತ್ತು, ಬಾಗಿಲಿಗೆ ‘ಮಸಾಜ್’ ಎಂದು ಬೋರ್ಡು ಹಾಕಿಕೊಂಡು.

ಅದೇ ಬಾಗಿಲಿನಿಂದ ನಾನು ಅಪ್ಪನ ಸುತ್ತಿಗೆಯನ್ನು ಎತ್ತಿಕೊಂಡು ಹೊರಗೆ ಬಂದದ್ದು.

ಅಪ್ಪ ಅರಣ್ಯ ಗಾರ್ಡ್. ಹಾಲಪ್ಪ ಎಂದು ಹೆಸರು. ಆಗ ಕೆರೆಯ ಹಿಂದಿನ ಗುಡ್ಡದಲ್ಲಿ ಕೂಪು ನಡೆಯುತ್ತಿತ್ತು. ಸರ್ಕಾರ ಗುರುತು ಹಾಕಿದ ಒಂದಷ್ಟು ಜಾಗದ ಮರಗಳನ್ನು ಕಂಟ್ರಾಕ್ಟರು ಕಡಿದು ಸಾಗಿಸುವುದು. ಆದರೆ ಕಡಿಯುವ ಒಂದೊಂದು ಮರಕ್ಕೂ ಮೊದಲು ಅಪ್ಪನ ಸುತ್ತಿಗೆ ಬೀಳಬೇಕು. ಬುಡದ ಬಳಿ ಅಂಗೈ ಅಗಲ ಸಿಪ್ಪೆ ಕೆತ್ತಿ, ಬಿಳಿ ಕಂಡಲ್ಲಿ ಒಂದೇ ಏಟು. ಸುತ್ತಿಗೆಯ ಮುಖದಲ್ಲಿ ವೃತ್ತದೊಳಗೊಂದು ಅಕ್ಷರ ಉಬ್ಬಿಕೊಂಡಿರುತ್ತಿತ್ತು. ಅದು ಸರ್ಕಾರದ ಮುದ್ರೆ. ಗರಗಸವನ್ನು ಆ ಮುದ್ರೆಯ ಮೇಲ್ಗಡೆ ಇಡಬೇಕು. ಮರ ಹೋದರೂ ಬೊಡ್ಡೆ ಮುದ್ರೆ ಹೊತ್ತುಕೊಂಡು ನೆಲದಲ್ಲಿ ಉಳಿಯಬೇಕು.

ಅಪ್ಪ ಎಡಚರು. ಎಡಗೈಲಿ ಬೀಸಿದ್ದರಿಂದ ಅವರ ಮುದ್ರೆಯ ಅಕ್ಷರ ಯಾವಾಗಲೂ ಸ್ವಲ್ಪ ಬಲಕ್ಕೆ ವಾಲಿರುತ್ತಿತ್ತು, ಯಾರದೋ ಮಾತಿಗೆ ತಲೆ ಓರೆ ಮಾಡಿ ಕಿವಿಗೊಟ್ಟ ಹಾಗೆ. ರಜೆಯಲ್ಲಿ ಅವರ ಹಿಂದೆ ಗುಡ್ಡ ಸುತ್ತುವಾಗ ಅದನ್ನು ನೋಡಿ ನಗುತ್ತಿದ್ದೆ.

ನಾನು ಓದುತ್ತಿದ್ದದ್ದು ಚಿತ್ರದುರ್ಗದ ಒಂದು ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಆ ವರ್ಷ ದಸರಾ ರಜೆಗೆ ಬಂದಾಗ ಚಿತ್ತೆ ಮಳೆ ಹಿಡಿದಿತ್ತು. ಕೆರೆ ಕೋಡಿ ಬಿದ್ದಿತ್ತು. ನೀರಿನ ಮೇಲೆ ಮರದ ಹೊಟ್ಟು ಕೆನೆಯ ಹಾಗೆ ಕಟ್ಟಿಕೊಂಡು, ಗಾಳಿ ಬಂದ ಕಡೆಗೆ ಸರಿಯುತ್ತಿತ್ತು. ಗುಡ್ಡದ ಹೊನ್ನೆ ಕಡಿದ ಕಡೆಯೆಲ್ಲ ಕೆಂಪು ರಸ ಸೋರಿ, ಮಳೆಗೆ ತೊಳೆದು, ನಮ್ಮ ಹಿತ್ತಿಲ ಚರಂಡಿಯವರೆಗೆ ಬರುತ್ತಿತ್ತು. ಅಮ್ಮ ಚಿಕ್ಕಮ್ಮನ ಬಾಣಂತನಕ್ಕೆಂದು ಹೊಸದುರ್ಗಕ್ಕೆ ಹೋಗಿದ್ದರು. ಮನೆಯಲ್ಲಿ ಅಪ್ಪ ಮತ್ತು ನಾನು.

ಆಯುಧಪೂಜೆಯ ದಿನ ಅಪ್ಪ ಹೊಳಲ್ಕೆರೆಯ ಆಫೀಸಿಗೆ ಹೋಗಿದ್ದಾಗ ಕಂಟ್ರಾಕ್ಟರ್ ಕಾಂತರಾಜಪ್ಪನವರು ಬಾಗಿಲಿಗೆ ಬಂದರು. (‘ಅವರು’ ಎಂದು ಬರೆಯುವುದು ಕಾನ್ವೆಂಟಿನ ಅಭ್ಯಾಸ. ಕೈ ಬಿಡುತ್ತಿಲ್ಲ.) ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಸೇವಂತಿಗೆ ಮಾರು.

“ಪುಟ್ಟಿ, ಡಿಪೋದಾಗೆ ಪೂಜೆಗೆ ಎಲ್ಲಾ ಹತ್ಯಾರ ಬಂದವೆ. ಕೊಡಲಿ ಬಂತು, ಗರಗಸ ಬಂತು, ಲಾರಿ ಬಂತು. ದೊಡ್ಡ ಹತ್ಯಾರನೇ ಬಂದಿಲ್ಲ. ಅಪ್ಪನ ಸುತ್ತಿಗೆ ಕೊಡವ್ವ.”

“ಅಪ್ಪ ಬಂದ ಮೇಲೆ ತರ್ತಾರೆ.”

“ಅಷ್ಟೊತ್ತಿಗೆ ಮಂಗಳಾರತಿ ಆಗಿರ್ತೈತೆ.”

“ಯಾರಿಗೂ ಕೊಡಬಾರದು ಅಂದಿದಾರೆ.”

ಅವರು ನಕ್ಕರು. ಹಿಂದೆ ನಿಂತಿದ್ದ ಆಳುಗಳ ಕಡೆ ತಿರುಗಿ, “ನೋಡ್ರಲೇ, ಹಾಲಪ್ಪ ಮಗಳನ್ನ ಕಾನ್ವೆಂಟಿಗೆ ಹಾಕಿದ್ದಕ್ಕೆ ದೇವ್ರು ದಿಂಡ್ರು ಎಲ್ಲಾ ಮರ್ತೋಯ್ತು. ಇನ್ನು ಸ್ವಲ್ಪ ದಿನಕ್ಕೆ ಹಣೆಗೆ ಕುಂಕುಮ ಇಕ್ಕಳದೂ ಬಿಡ್ತಾಳೆ” ಎಂದರು. ಆಳುಗಳೂ ನಕ್ಕರು.

ಆ ನಗು ನನಗೆ ಇವತ್ತಿಗೂ ಒಬ್ಬೊಬ್ಬರದೂ ಬೇರೆಬೇರೆಯಾಗಿ ಕೇಳುತ್ತದೆ. ಹದಿನೈದು ವರ್ಷದವಳು, ಮುಖ ಕಾದು ಹೋಯಿತು. ಟ್ರಂಕಿನ ಬೀಗದ ಕೈ ಎಲ್ಲಿರುತ್ತದೆಂದು ಗೊತ್ತಿತ್ತು. ನಾನೇ ತೆಗೆದೆ. ಚರ್ಮದ ಚೀಲದಿಂದ ಸುತ್ತಿಗೆ ಹೊರಗೆಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಡಿಗೆ ವಿಭೂತಿ ಬಳಿದು, ಮುಖಕ್ಕೆ ಕುಂಕುಮವಿಟ್ಟೆ. ಕುಂಕುಮ ಹೆಚ್ಚಾಗಿ ಅಕ್ಷರದ ಸಂದಿಯಲ್ಲೆಲ್ಲ ತುಂಬಿಕೊಂಡಿತು. ನಾನೇ ಡಿಪೋದವರೆಗೆ ಹೊತ್ತುಕೊಂಡು ಹೋಗಿ ಕೊಡಲಿಗಳ ನಡುವೆ ಇಟ್ಟು ಬಂದೆ. ನನಗೂ ದೇವರು ಗೊತ್ತು ಎಂದು ತೋರಿಸಬೇಕಿತ್ತು.

ಅಪ್ಪ ಸಂಜೆ ನೆನೆದುಕೊಂಡು ಬಂದರು. ಟ್ರಂಕಿನ ಮುಚ್ಚಳ ನೋಡಿದರು. “ಕೊಟ್ಟೆಯೇನವ್ವ?” ಎಂದರು, ಅಷ್ಟೇ. ಚಪ್ಪಲಿಯನ್ನೂ ಮೆಟ್ಟದೆ ಡಿಪೋಗೆ ನಡೆದರು. ನಾನು ಹಿಂದೆಯೇ ಓಡಿದೆ.

ದೀಪ ಉರಿಯುತ್ತಿತ್ತು. ಒಡೆದ ಬೂದುಗುಂಬಳ, ಮಂಡಕ್ಕಿ, ಹೂವು. ಅಪ್ಪ ಸುತ್ತಿಗೆಗೆ ಕೈ ಚಾಚಿದರು. ಕಾಂತರಾಜಪ್ಪನವರು ಆ ಕೈಯನ್ನು ಮೆಲ್ಲಗೆ ಹಿಡಿದರು. “ಹಾಲಪ್ಪ, ಪೂಜೆಗಿಟ್ಟ ಹತ್ಯಾರ ಬನ್ನಿ ಮುಡಿಯೋತನಕ ಎತ್ತಂಗಿಲ್ಲ. ನಿನಗೆ ನಾನು ಹೇಳಬೇಕಾ? ಹೋದ ವರ್ಷ ಆ ಹುಡುಗನ ಮೇಲೆ ಮರ ಬಿದ್ದಿದ್ದು ನೆನಪೈತಲ್ಲ. ನಾಳೆ ಸಂಜೆಗೆ ತಗಂಡು ಹೋಗು.”

ಕೂಪಿನಲ್ಲಿ ಹಿಂದಿನ ವರ್ಷ ಒಬ್ಬ ಸತ್ತಿದ್ದ. ಅವನ ಹೆಂಡತಿ ಅಲ್ಲೇ ಮಂಡಕ್ಕಿ ಹಂಚುತ್ತಿದ್ದಳು. ಅಪ್ಪ ಅವಳ ಮುಖ ನೋಡಿದರು. ಕೈ ಹಿಂದಕ್ಕೆ ತೆಗೆದುಕೊಂಡರು. ಅವಳ ಎದುರಿಗೆ ನಮ್ಮ ಕಡೆಯ ಯಾವ ಗಂಡಸೂ ಪೂಜೆಗಿಟ್ಟದ್ದಕ್ಕೆ ಕೈ ಚಾಚುತ್ತಿರಲಿಲ್ಲ. ಅದು ಕಾಂತರಾಜಪ್ಪನವರಿಗೆ ಗೊತ್ತಿತ್ತು. ಅಲ್ಲೇ ಕಾವಲು ಕೂರಬಹುದಿತ್ತು. ಆದರೆ ಮನೆಯಲ್ಲಿ ನಾನೊಬ್ಬಳೇ ಎಂದು ಅಪ್ಪ ವಾಪಸು ಬಂದರು.

ಮರುದಿನ ಬನ್ನಿ ಮುಡಿದು ಸುತ್ತಿಗೆ ತಂದಾಗ ಅದನ್ನು ಚೀಲಕ್ಕೆ ಹಾಕಿದ್ದು ನಾನು. ಹಿಡಿಯ ವಿಭೂತಿ ಅಳಿಸಿಹೋಗಿತ್ತು. ಅಕ್ಷರದ ಸಂದಿಯಲ್ಲಿ ಕುಂಕುಮವಿರಲಿಲ್ಲ. ಬದಲಿಗೆ ಹೊನ್ನೆಯ ರಸ ಕಪ್ಪಗೆ ಒಣಗಿತ್ತು. ನೋಡಿದೆ. ನೋಡಿಯೂ ಅಪ್ಪನಿಗೆ ಹೇಳಲಿಲ್ಲ, ಬೈಸಿಕೊಳ್ಳುವ ಭಯಕ್ಕೆ. ರಜೆ ಮುಗಿಸಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ.

ಕಾರ್ತೀಕದಲ್ಲಿ ಗಲಾಟೆ ಎದ್ದಿತು. ಪಟ್ಟಿಯಲ್ಲಿಲ್ಲದ ಹನ್ನೆರಡು ಹೊನ್ನೆ ಕಡಿದು ಹೋಗಿದ್ದವು, ಎಲ್ಲವೂ ಮುದ್ರೆ ಸಮೇತ. ಮೇಲಿನ ಸಾಹೇಬರು ತನಿಖೆಗೆ ಬರುವರೆಂದು ಗೊತ್ತಾದ ದಿನ ಅಪ್ಪ ಡಿಪೋ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರಂತೆ: “ಬರಲಿ. ಬೊಡ್ಡೆ ತೋರಿಸ್ತೀನಿ. ನನ್ನ ಮುದ್ರೆ ಬಲಕ್ಕೆ ವಾಲ್ತೈತೆ. ಬಲಗೈಯವ ಹೊಡೆದಿದ್ರೆ ಎಡಕ್ಕೆ ವಾಲಿರ್ತೈತೆ. ಬೊಡ್ಡೆನೇ ಸಾಕ್ಷಿ ಹೇಳ್ತವೆ.”

ಸತ್ಯ ಇದ್ದವರು ಅದನ್ನು ಮೊದಲೇ ಕೂಗಿ ಹೇಳುತ್ತಾರೆ. ಎರಡು ದಿನ ಬಿಟ್ಟು ಸಾಹೇಬರು ಗುಡ್ಡ ಹತ್ತಿದಾಗ ಹನ್ನೆರಡು ಬೊಡ್ಡೆಯ ಜಾಗದಲ್ಲಿ ಹನ್ನೆರಡು ಗುಂಡಿಗಳಿದ್ದವು, ಅವುಗಳ ತುಂಬ ಮಳೆ ನೀರು.

ಸುತ್ತಿಗೆ ಯಾರ ವಶದಲ್ಲಿತ್ತು ಎಂದು ಕೇಳಿದರು. ನನ್ನ ವಶದಲ್ಲಿ ಎಂದರು ಅಪ್ಪ. ಪೂಜೆಗೆ ಯಾರು ಕೊಟ್ಟರು? ನಾನೇ. ಅಮ್ಮ ಇದನ್ನು ಆಮೇಲೆ ಹೇಳಿದರು. ನಾನು ಹೋಗಿ ‘ಕೊಟ್ಟವಳು ನಾನು’ ಎನ್ನಲಿಲ್ಲ. ಪ್ರತಿ ಶುಕ್ರವಾರ ಸಿಸ್ಟರ್ ನಮಗೆ ಸತ್ಯದ ಬಗ್ಗೆ ಪಾಠ ಮಾಡುತ್ತಿದ್ದರು. ಮೊದಲ ಬೆಂಚಿನಲ್ಲಿ ಕೂತು ತಲೆಯಾಡಿಸುತ್ತಿದ್ದೆ.

ಪರೀಕ್ಷೆ ಮುಗಿಸಿ ಬರುವಷ್ಟರಲ್ಲಿ ಅಪ್ಪನ ಕೆಲಸ ಹೋಗಿತ್ತು, ಕ್ವಾರ್ಟರ್ಸ್ ಖಾಲಿಯಾಗಿತ್ತು. ಆಮೇಲೆ ಹೊಳಲ್ಕೆರೆ ಮಾರ್ಕೆಟ್ ಯಾರ್ಡಿನಲ್ಲಿ ಅಡಿಕೆ ಚೀಲ ತೂಗಿಸುತ್ತ ಬದುಕಿದರು. ‘ಕಾಡು ಮಾರಿದ ಹಾಲಪ್ಪ’ ಎಂದು ಬೆನ್ನ ಹಿಂದೆ ಕರೆಯುತ್ತಿದ್ದರು. ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ನಡೆಯುವುದು ರೂಢಿಯಾಯಿತು. ಊಟಕ್ಕೆ ಕೂತಾಗ ಒಮ್ಮೆಯೂ ನನ್ನ ಮುಂದೆ ಆ ದಸರಾದ ಮಾತು ಎತ್ತಲಿಲ್ಲ. ಎತ್ತದೆಯೇ ಹೋದರು. ಕೆಲವು ವರ್ಷಕ್ಕೆ ಕೂಪುಗಳೂ ನಿಂತವು, ಸಾಮಿಲ್ಲಿಗೂ ಬೀಗ ಬಿತ್ತು.

ಆ ಗುಡ್ಡ ಮತ್ತೆ ಹಸಿರಾದ ಮೇಲೆ ಅದರ ಕೆಳಗೆ ಹೊನ್ನೆ ಲೋಟ ಹಿಡಿದು ಕೂತಿದ್ದೆ ನೋಡಿ.

“ಕಾಡಜ್ಜ ಬಂದ್ರು, ಕಾಡಜ್ಜ ಬಂದ್ರು” ಎಂದು ಯಾರೋ ಚಪ್ಪಾಳೆ ತಟ್ಟಿದರು. ರೆಸಾರ್ಟಿನ ಯಜಮಾನರು ಸಂಜೆ ಚಹಾದ ಹೊತ್ತಿಗೆ ಅತಿಥಿಗಳಿಗೆ ಕಾಡಿನ ಕಥೆ ಹೇಳುತ್ತಾರಂತೆ. ಬೆಳ್ಳಗಿನ ಗಡ್ಡ, ಕೋಲು, ಅದೇ ಹಣೆ ತುಂಬ ವಿಭೂತಿ. ಕಾಂತರಾಜಪ್ಪನವರು. ನನ್ನತ್ತ ನೋಡಿ ಕೈಮುಗಿದರು. ಗುರುತು ಸಿಗಲಿಲ್ಲ. ಐವತ್ತು ದಾಟಿದ ಮನೆಯ ಹೆಂಗಸಿನ ಗುರುತು ಯಾರಿಗೂ ಸಿಗುವುದಿಲ್ಲ. ಅದೂ ಒಂದು ಅನುಕೂಲವೇ.

“ಕುಂತ್ಕಳ್ರಿ ತಾಯಂದ್ರೆ” ಎಂದು ಸುತ್ತ ಇಟ್ಟಿದ್ದ ಮರದ ಪೀಠಗಳನ್ನು ತೋರಿಸಿದರು. ದಪ್ಪ ಬೊಡ್ಡೆಗಳು, ತಲೆ ಸಮ ಮಾಡಿ ವಾರ್ನಿಷ್ ಬಳಿದಿದ್ದವು. ಪ್ರತಿಯೊಂದರ ಪಕ್ಕೆಯಲ್ಲೂ ಅಂಗೈ ಅಗಲದ ಒಂದು ಜಾಗವನ್ನು ಬಿಳಿ ಬಣ್ಣದ ಗೆರೆಯೊಳಗೆ ಬಿಟ್ಟಿದ್ದರು. ಒಳಗೆ ಮುದ್ರೆ.

ಕೂತವಳು ಕೈ ಇಳಿಬಿಟ್ಟು ಬೆರಳಿನಿಂದ ಮುಟ್ಟಿದೆ. ವೃತ್ತ. ಅಕ್ಷರ. ಎಡಕ್ಕೆ ವಾಲಿತ್ತು.

ಪಕ್ಕದ್ದನ್ನು ನೋಡಿದೆ. ಎಡಕ್ಕೆ. ಅದರಾಚೆಯದು ಎರಡು ಏಟು ಬಿದ್ದು ಮಸುಕಾಗಿತ್ತು, ಅದೂ ಎಡಕ್ಕೆ. ಚಹಾ ತರುವ ನೆಪದಲ್ಲಿ ಎದ್ದು ಒಂದು ಸುತ್ತು ಬಂದು ಎಣಿಸಿದೆ. ಹನ್ನೆರಡು.

ಕಥೆ ಶುರುವಾಗಿತ್ತು. “ಆಗ ಇಲ್ಲೊಬ್ಬ ಗಾರ್ಡ್ ಇದ್ದ. ಸರ್ಕಾರದ ಮುದ್ರೆ ಅವನ ಕೈಲಿತ್ತು. ಕಂಡ ಕಂಡ ಮರಕ್ಕೆಲ್ಲ ಹೊಡೆದು ಕಾಡೇ ಮಾರ್ಕಂಡ. ಬೇಡ ಕಣಯ್ಯ, ಈ ಮರಗಳು ದೇವರು ಅಂತ ನಾನು ಕೈ ಹಿಡಿದೆ. ಕೇಳಲಿಲ್ಲ. ಅವನು ಕಡಿಸಿದ ಬೊಡ್ಡೆಗಳೇ ನೀವು ಕುಂತಿರೋವು. ನೆನಪಿಗಿರಲಿ ಅಂತ ಇಟ್ಟೀವಿ.”

ನಮ್ಮ ಹೆಂಗಸರು ಲೊಚಗುಟ್ಟಿದರು. “ಅಂಥೋರ ಕೈಗೆ ಹುಳ ಬೀಳ್ಬೇಕು” ಎಂದಳು ಹಿಂದೆ ಕೂತವಳು. ಕೈ ಹಿಡಿದದ್ದು ನಿಜ, ನಾನು ಕಂಡಿದ್ದೆ. ಸುಳ್ಳಿನೊಳಗೆ ಆ ಒಂದು ನಿಜವನ್ನು ಹೊಲಿದುಕೊಂಡಿದ್ದರು.

“ಬೊಡ್ಡೆ ಎಲ್ಲಿ ಸಿಕ್ಕವು ಯಜಮಾನ್ರೆ?” ಎಂದು ಕೇಳಿದೆ.

“ಕೆರೆ ಹೂಳು ತೆಗೆಸೋವಾಗ ಸಿಕ್ಕವು ತಾಯಿ. ದೋಣಿ ಓಡಾಡಬೇಕಲ್ಲ.”

“ಗುಡ್ಡದ ಮೇಲಿನ ಮರದ ಬೊಡ್ಡೆ ಕೆರೆ ತಳಕ್ಕೆ ಹೆಂಗೆ ಹೋದವು?”

“ಅವೇನು ಈಜೋದಕ್ಕೆ ಬಂದಿದ್ವೇನೋ ಬಿಡೆ ಪುಷ್ಪ” ಎಂದರು ಗಿರಿಜಕ್ಕ. ಎಲ್ಲರೂ ನಕ್ಕರು. ಕಾಂತರಾಜಪ್ಪನವರೂ ನಕ್ಕರು, ಸ್ವಲ್ಪ ತಡವಾಗಿ.

ನಾನು ಭಜನೆ ಪುಸ್ತಕದ ಖಾಲಿ ಹಾಳೆಗಳನ್ನು ಹರಿದುಕೊಂಡೆ. ಗಿರಿಜಕ್ಕನ ಚೀಲದಿಂದ ಹುಬ್ಬು ತೀಡುವ ಪೆನ್ಸಿಲ್ ತೆಗೆದುಕೊಂಡು, ಮೊದಲ ಬೊಡ್ಡೆಯ ಮುಂದೆ ಮಂಡಿಯೂರಿ, ಮುದ್ರೆಯ ಮೇಲೆ ಹಾಳೆ ಒತ್ತಿ ಹಿಡಿದು ಮೆಲ್ಲಗೆ ಉಜ್ಜಿದೆ. ಎಲೆಯ ನರ, ನಾಣ್ಯದ ಮುಖ ಹೀಗೆ ಹಾಳೆಗೆ ಇಳಿಸುವುದನ್ನು ಸಿಸ್ಟರ್ ಕಲಿಸಿದ್ದರು. ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಎದ್ದು ಬಂತು. ಎರಡನೆಯದಕ್ಕೆ ಸರಿದೆ. “ಏಳೇ, ನಾನು ಕುಂತೀನಿ” ಎಂದು ಗೊಣಗಿದವರನ್ನೂ ಏಳಿಸಿದೆ. ಹನ್ನೆರಡೂ ಮುಗಿಯುವಾಗ ಪೆನ್ಸಿಲ್ ಉಗುರಿನಷ್ಟು ಉಳಿದಿತ್ತು.

“ಏನ್ ತಾಯಿ, ಡ್ರಾಯಿಂಗಾ?” ಎಂದರು ಅವರು.

“ಹೂಂ ಕಣ್ರಿ. ಕಾನ್ವೆಂಟಿನಲ್ಲಿ ಕಲಿಸಿದ್ರು.” ಹಾಳೆಗಳನ್ನು ಜೋಡಿಸಿಕೊಂಡು ಅವರ ಕುರ್ಚಿಯ ಬಳಿ ಹೋಗಿ, ಎಲ್ಲರಿಗೂ ಕೇಳುವಷ್ಟೇ ದನಿಯಲ್ಲಿ ಹೇಳಿದೆ: “ಆ ಗಾರ್ಡ್ ನಮ್ಮಪ್ಪ. ಹಾಲಪ್ಪ. ನಮ್ಮಪ್ಪ ಎಡಚರು ಕಣ್ರಿ. ಇವೆಲ್ಲಾ ಬಲಗೈ ಮುದ್ರೆ. ನೀವು ಚಹಾ ಹಿಡ್ಕಂಡಿರೋ ಕೈ.”

ಅವರು ಲೋಟವನ್ನು ಎಡಗೈಗೆ ಬದಲಿಸಿಕೊಂಡರು. ಯಾರೂ ಚಪ್ಪಾಳೆ ತಟ್ಟಲಿಲ್ಲ. “ಹಳೇದೆಲ್ಲಾ ಯಾಕೆ ತಾಯಿ” ಎಂದರು, ತುಟಿ ಮಾತ್ರ ಅಲ್ಲಾಡಿಸಿ.

ವ್ಯಾನಿನ ಹತ್ತಿರ ಒಬ್ಬರು ಬಂದು ನಿಂತರು. ದೋಣಿ ಹತ್ತುವವರಿಗೆ ಲೈಫ್ ಜಾಕೆಟ್ ಕಟ್ಟುತ್ತಿದ್ದ ಮುದುಕರು. ಆಗ ಸಾಮಿಲ್ಲಿನಲ್ಲಿ ಗರಗಸ ಎಳೆಯುತ್ತಿದ್ದ ಬುಡೇನ್ ಸಾಬರು. ಆಯುಧಪೂಜೆಯಲ್ಲಿ ಅವರ ಗರಗಸವೂ ನಮ್ಮ ಸುತ್ತಿಗೆಯ ಪಕ್ಕದಲ್ಲೇ ಇತ್ತು.

“ನಾನೇ ಕಿತ್ತಿದ್ದು ಪುಟ್ಟವ್ವ. ಸುಟ್ರೆ ಹೊಗೆ ಕಾಣ್ತೈತೆ, ಕೆರೆಗೆ ಉಳ್ಳಿಸು ಅಂದ್ರು ಕಾಂತರಾಜಪ್ನೋರು. ಎತ್ತು ಕಟ್ಟಿ ಎಳೆದ್ವಿ. ಬೇರಿನಾಗೆ ಕಲ್ಲು ಸಿಕ್ಕಂಡಿದ್ವು, ಗುಳುಂ ಅಂತ ಮುಳುಗಿದ್ವು. ಅವು ಎದ್ದು ಬಂದ ವರ್ಷ ದೊಡ್ಡೋರು ಕಾಯಿಲೆ ಮಲಗಿದ್ರು. ಮಗನಿಗೇನು ಗೊತ್ತು, ಚೆಂದ ಅವೆ ಅಂತ ಪಾಲಿಶ್ ಹೊಡೆಸಿ ಇಡಿಸಿದ. ತೆಗೆಸು ಅಂದ್ರೆ ಯಾಕೆ ಅಂತಾನೆ. ಅದಕ್ಕೇ ಕಥೆ ಕಟ್ಟಿದ್ರು.”

“ಆಗ ಯಾಕೆ ಹೇಳಲಿಲ್ಲ ನೀವು?”

“ನೀನ್ಯಾಕೆ ಹೇಳಲಿಲ್ಲ ತಾಯಿ? ಸುತ್ತಿಗೆ ಹೊತ್ಕಂಡು ಬಂದಿದ್ದು ನಾನು ನೋಡೀನಲ್ಲ.”

ಬುಡೇನ್ ಸಾಬರನ್ನು ಕ್ಷಮಿಸಲಿಲ್ಲ. ನನ್ನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದೇನೆ.

ಅರಣ್ಯ ಇಲಾಖೆಯ ಕಚೇರಿಗೂ ಹೋಗಿ ಬಂದೆ. ಮೇಜಿನ ಹಿಂದಿದ್ದ ಹುಡುಗ ಹಾಳೆಗಳನ್ನು ಆಸಕ್ತಿಯಿಂದಲೇ ನೋಡಿದ. ಅಷ್ಟು ಹಳೆಯ ಕಡತ ಸಿಗುವುದಿಲ್ಲ ಮೇಡಂ, ಸಿಕ್ಕರೂ ಈಗ ಏನು ಮಾಡಲಿಕ್ಕಾಗುತ್ತದೆ ಎಂದ. ವಾರದೊಳಗೆ ರೆಸಾರ್ಟಿನ ಬೊಡ್ಡೆಗಳ ಮುದ್ರೆಯನ್ನು ಯಂತ್ರ ಹಿಡಿದು ಉಜ್ಜಿಸಿದರೆಂದು ಬುಡೇನ್ ಸಾಬರು ಫೋನು ಮಾಡಿ ತಿಳಿಸಿದರು. ಈಗ ಆ ಮುದ್ರೆಗಳಿರುವುದು ನನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ.

ಆ ವರ್ಷದ ಆಯುಧಪೂಜೆಗೆ ನಮ್ಮವರ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರದ ಜೊತೆ ಮುದ್ರೆಯ ಒಂದು ಹಾಳೆಯನ್ನೂ ಪೂಜೆಗಿಟ್ಟೆ. ಬನ್ನಿ ಮುಡಿದ ಮೇಲೆ ಎತ್ತಿ, ಕುಂಕುಮ ಹಚ್ಚಿ, ಲಕೋಟೆಗೆ ಹಾಕಿ ಕಾಂತರಾಜಪ್ಪನವರಿಗೆ ಅಂಚೆಯಲ್ಲಿ ಕಳಿಸಿದೆ, ಅವರೇ ಸಹಿ ಹಾಕಿ ತೆಗೆದುಕೊಳ್ಳುವ ಹಾಗೆ. ಜೊತೆಗೆ ಒಂದು ಸಾಲೂ ಬರೆಯಲಿಲ್ಲ. ಎಂಟು ದಿನಕ್ಕೆ ಸಹಿಯ ಚೀಟಿ ವಾಪಸು ಬಂತು. ಹಿಂದೆಯೇ ಒಂದು ಬುಟ್ಟಿ ಹಣ್ಣೂ ಬಂತು. ಹಣ್ಣನ್ನು ಹಾಗೇ ತಿರುಗಿ ಕಳಿಸಿದೆ, ಬುಟ್ಟಿಗೆ ಸುತ್ತಿದ್ದ ಕಾಗದವನ್ನೂ ಬಿಚ್ಚದೆ.

ಎರಡನೆಯ ವರ್ಷದ ಹಾಳೆ ಹೋದ ಮೇಲೆ ಅವರ ಮಗ ಫೋನು ಮಾಡಿದ. “ಅಮ್ಮ, ಅಪ್ಪಾಜಿಗೆ ಬಿಪಿ ಐತೆ. ದಸರಾ ಹತ್ರ ಬಂತಂದ್ರೆ ಊಟ ಬಿಡ್ತಾರೆ. ಪೋಸ್ಟ್‌ಮ್ಯಾನ್ ಬೈಕಿನ ಸದ್ದಾದ್ರೆ ಒಳಗೆ ಎದ್ದು ಹೋಗ್ತಾರೆ. ಏನು ಮಾಡಿದ್ರೆ ನಿಲ್ಲಿಸ್ತೀರಿ, ಹೇಳ್ರಿ.”

“ಚಹಾದ ಹೊತ್ತಿಗೆ, ಬಂದವರನ್ನ ಕೂರಿಸಿಕೊಂಡು, ಆ ಕಥೆನ ಸರಿಯಾಗಿ ಹೇಳಲಿ. ಒಂದು ಸಲ. ನಾನು ಬಂದು ಕೇಳ್ತೀನಿ.”

“ಈ ವಯಸ್ಸಿನಾಗೆ ಅದೆಲ್ಲಾ ಆಗ್ತದೇನಮ್ಮ.”

“ಹಂಗಾದ್ರೆ ಊಟ ಬಿಡಾಕೆ ಬಿಡಬೇಡಪ್ಪ. ಚೆನ್ನಾಗಿ ನೋಡ್ಕ. ರಾಗಿ ಅಂಬಲಿ ಕೊಡು, ಉಪ್ಪು ಕಮ್ಮಿ ಮಾಡು” ಎಂದೆ. ನಾನು ಅದನ್ನು ಮನಸಾರೆ ಹೇಳಿದ್ದು.

ಮೂರನೆಯ ಚೀಟಿ ಹೋದ ತಿಂಗಳು ಬಂತು. ಮೂರು ಸಹಿಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟು ನೋಡಿದೆ. ಮೊದಲಿನದರಲ್ಲಿ ಬಾಲ ಎಳೆದ ಗತ್ತು ಇದೆ. ಎರಡನೆಯದರಲ್ಲಿ ಬಾಲವಿಲ್ಲ. ಮೂರನೆಯದರಲ್ಲಿ ಅಕ್ಷರಗಳು ನಡುಗಿ, ಎಲ್ಲವೂ ಎಡಕ್ಕೆ ವಾಲಿಕೊಂಡಿವೆ.

ಬೀರುವಿನಲ್ಲಿ ಒಂಬತ್ತು ಹಾಳೆ ಉಳಿದಿವೆ. ಒಂದನ್ನು ಕಟ್ಟಕಡೆಗೆ ನನ್ನ ಹೆಸರಿಗೇ ಕಳಿಸಿಕೊಂಡು, ಬಾಗಿಲಲ್ಲಿ ನಿಂತು ಸಹಿ ಹಾಕಿ ತೆಗೆದುಕೊಳ್ಳಬೇಕು. ಉಳಿದ ಎಂಟು ಅವರವು. ದಿನವೂ ಮುಸ್ಸಂಜೆ ದೀಪ ಹಚ್ಚುವಾಗ ಮನೆಯವರ ಹೆಸರೆಲ್ಲ ಹೇಳಿ ಮುಗಿದ ಮೇಲೆ ಅವರ ಹೆಸರನ್ನೂ ಹೇಳುತ್ತೇನೆ. ಕಾಂತರಾಜಪ್ಪನವರಿಗೆ ಆಯುಸ್ಸು ಗಟ್ಟಿಯಾಗಿರಲಿ, ಕಣ್ಣು ಚೆನ್ನಾಗಿ ಕಾಣಲಿ, ನೆನಪು ಮಾಸದಿರಲಿ ಎಂದು ಬೇಡಿಕೊಳ್ಳುತ್ತೇನೆ. ಇನ್ನೂ ಎಂಟು ದಸರಾ ಅವರು ಇರಬೇಕು.